ಕುಂಕುಮ ಇಟ್ಟ ಡ್ರಮ್ಮು

ಕಸದ ಆಟೋದವರಿಬ್ಬರು ಎರಡು ಕಡೆ ಹಿಡಿದು ಎತ್ತಿದರು. ಡ್ರಮ್ಮು ಮೇಲೆ ಹೋಯಿತು, ತಳ ನೆಲದಲ್ಲೇ ಕೂತಿತ್ತು. ತಳದ ಜೊತೆ ಮೂರು ದಿನದ ಕಸವೂ ಕೂತಿತ್ತು. ಆ ಪುಣ್ಯಾತ್ಮರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತುಕ್ಕು ತಿಂದ ತಗಡನ್ನು ಪಕ್ಕಕ್ಕೆ ಒಗೆದು, ಡ್ರಮ್ಮಲ್ಲಿದ್ದದ್ದು ಒಯ್ಯೋದಷ್ಟೇ ನಮ್ಮ ಕೆಲಸ, ನೆಲದ ಮೇಲಿರೋದು ನಮಗೆ ಸೇರಿದ್ದಲ್ಲ ಅಂತ ಹೇಳಿ ಆಟೋ ಹತ್ತಿ ಹೊರಟೇ ಹೋದರು.

ಬೆಳಗಿನ ಎಂಟು ಗಂಟೆ. ಆರು ಹೆಜ್ಜೆ ಆಚೆ ಮಹಾನಂದಾಳ ಖಾನಾವಳಿಯಲ್ಲಿ ಹತ್ತು ಹನ್ನೆರಡು ಜನ ರೊಟ್ಟಿ ಮುರಿಯುತ್ತ ಕೂತಿದ್ದರು. ಹಳಸಿದ ಸಾರು ಬಾಗಿಲ ಕಡೆಗೇ ದಾರಿ ಹುಡುಕಿಕೊಂಡು ಬಂತು. ಇಬ್ಬರು ಅರ್ಧ ಊಟಕ್ಕೇ ಎದ್ದರು. ಮಹಾನಂದಾ ಕೈಯಲ್ಲಿದ್ದ ಹಿಟ್ಟನ್ನು ಕೊಡವಿ ಹೊರಗೆ ಬಂದಳು. ಯಾರಿಗೆ ಬೈಯಬೇಕು ಅಂತ ಆ ಕಡೆ ಈ ಕಡೆ ನೋಡಿದಳು. ಗಲ್ಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕೊನೆಗೆ ಆ ಡ್ರಮ್ಮಿಗೇ ಬಾಯಿಗೆ ಬಂದಂತೆ ಬೈದು, ಪೊರಕೆ ಹಿಡಿದಳು.

ಎರಡು ವರ್ಷದಲ್ಲಿ ಇದು ಮೂರನೇ ಡ್ರಮ್ಮು. ಮೊದಲನೆಯದು ನೀಲಿ ಪ್ಲಾಸ್ಟಿಕ್ಕಿನದು, ನೋಡೋಕೆ ಲಕ್ಷಣವಾಗಿತ್ತು. ಎದುರು ಮನೆಯ ಮುನಿಯಕ್ಕ ಹಂಡೆ ಒಲೆಗೆ ಫ್ಯಾಕ್ಟರಿಯ ಪ್ಯಾಕಿಂಗ್ ಕಟ್ಟಿಗೆ ಉರಿಸಿ, ಕೆಂಡ ಆರುವುದಕ್ಕೂ ಬಿಡದೆ ಬೂದಿ ತಂದು ಸುರಿದಳು. ಅದು ಹೊಟ್ಟೆಯಲ್ಲೇ ಕರಗಿ ಕುಸಿದು ಕೂತಿತು. ಎರಡನೆಯದನ್ನು ಯಾವನೋ ಮಹಾರಾಯ ಕಸ ಅಲ್ಲೇ ಬೋರಲು ಹಾಕಿ ಹೊತ್ತುಕೊಂಡು ಹೋದ. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರೂ ಸಿಗಲಿಲ್ಲ. ಮೂರನೆಯದರ ಗತಿ ಈಗ ಹೇಳಿದೆನಲ್ಲ. ಅಲ್ಲಾ, ಕಸ ಹಾಕೋಕೆ ಇಡೀ ಬಾಗಲಗುಂಟೆ ಬರುತ್ತದೆ. ಡ್ರಮ್ಮು ಉಳಿಸೋಕೆ ಮಾತ್ರ ಮಹಾನಂದಾ ಒಬ್ಬಳೇ. ಇದು ಯಾವ ಊರ ನ್ಯಾಯ?

ನ್ಯಾಯ ಬರೆದದ್ದು ಓನರ್ ಹನುಮಂತರಾಯಪ್ಪ. ಪೀಣ್ಯದಲ್ಲಿ ಶೆಡ್ಡುಗಳು ಏಳುವುದಕ್ಕೆ ಮುಂಚೆ ಅವರ ಮನೆಯವರು ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಅದೇ ನೆಲದಲ್ಲಿ ಸಾಲಾಗಿ ಎಂಟು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಮೂಲೆಯ ರೂಮು ಮಹಾನಂದಾಳದು. ಮುಂದಿನ ಅರ್ಧ ಖಾನಾವಳಿ, ಪರದೆಯ ಹಿಂದಿನ ಅರ್ಧ ಅವಳ ಮನೆ. ಬಾದಾಮಿ ಕಡೆಯಿಂದ ಗಂಡನ ಜೊತೆ ಬಂದವಳು. ಗಂಡ ಹೆಸರುಘಟ್ಟ ರಸ್ತೆಯ ಒಂದು ಕಟ್ಟಡದ ಸಾರ್ವೆಯಿಂದ ಬಿದ್ದು ತೀರಿಕೊಂಡು ಐದು ವರ್ಷವಾಗಿತ್ತು. ಊರಿಗೆ ಹೋಗಿ ಇನ್ನೊಬ್ಬರ ಬಾಗಿಲಲ್ಲಿ ಕೂರುವುದು ಬೇಡ ಅಂತ ಒಂದು ಹಂಚು, ಒಂದು ಸ್ಟವ್ ಇಟ್ಟುಕೊಂಡು ರೊಟ್ಟಿ ಬಡಿಯಲು ಶುರು ಮಾಡಿದಳು. ಅವಳ ಕಡೆಯ ಹುಡುಗರು ಫ್ಯಾಕ್ಟರಿಗಳಲ್ಲಿ ತುಂಬಿಕೊಂಡಿದ್ದರು, ಅವರಿಗೆ ಅನ್ನ ಸಾರು ತಿಂದು ತಿಂದು ನಾಲಿಗೆ ಕೆಟ್ಟಿತ್ತು. ಹೀಗೆ ನಡೆದ ಖಾನಾವಳಿ ಅದು. ಈಗ ಎರಡು ಗಲ್ಲಿ ಆಚೆ ಇನ್ನೊಂದು ರೊಟ್ಟಿ ಅಂಗಡಿ ಬಂದಿತ್ತು. ಈ ಮೂಲೆ ಬಿಟ್ಟರೆ ಹುಡುಗರು ಅವಳ ಹಿಂದೆ ಬರುವುದಿಲ್ಲ, ಆ ಅಂಗಡಿಗೇ ಹೋಗುತ್ತಾರೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಡ್ರಮ್ಮಿನ ತಳ ಕಳಚಿದ ಸಂಜೆ ಹನುಮಂತರಾಯಪ್ಪ ಬಾಯಿತುಂಬ ಎಲೆ ಅಡಿಕೆ ತುಂಬಿಕೊಂಡು ಬಂದರು. ಕಸ ಎಲ್ಲ ಖಾನಾವಳಿಯದೇ ಅಂತ ಉಳಿದ ಏಳೂ ರೂಮಿನವರು ಹೇಳುತ್ತಿದ್ದಾರೆ ಅಂದರು. ಮೊಬೈಲ್ ರೀಚಾರ್ಜ್ ಅಂಗಡಿ ಇಡುತ್ತೇನೆ ಅಂತ ಒಬ್ಬ ದಿನಾ ಕಾಲಿಗೆ ಬೀಳುತ್ತಿದ್ದಾನೆ, ಅವನ ಅಂಗಡಿಯಲ್ಲಿ ಕಸವೂ ಇಲ್ಲ ವಾಸನೆಯೂ ಇಲ್ಲ ಅಂದರು. ಖಾನಾವಳಿಯ ಕಸಕ್ಕಿಂತ ಊರ ಕಸವೇ ಹೆಚ್ಚು ಅಂತ ಮಹಾನಂದಾ ಎಷ್ಟು ಹೇಳಿದರೂ ಗೋಡೆಗೆ ಹೇಳಿದಂಗಾಯಿತು. ಅವರು ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ತಳ್ಳಿಕೊಂಡು ತೀರ್ಪು ಕೊಟ್ಟರು.

"ನೋಡಮ್ಮ, ಡ್ರಮ್ಮು ನೆಟ್ಟಗಿದ್ದು ಮೂಲೆ ಕಿಲೀನಾಗಿದ್ರೆ ನೀನೂ ಇರ್ತೀಯ. ದೀಪಾವಳಿಗೆ ಮುಂಚೆ ಭಾನುವಾರ ಬತ್ತೀನಿ. ಅವತ್ತೂ ಇಂಗೇ ಇತ್ತು ಅಂದ್ರೆ ಬೀಗದ ಕೈ ಕೊಟ್ಬಿಡು."

ಅವತ್ತು ಮಹಾನಂದಾ ಬಡಿದ ರೊಟ್ಟಿಯೆಲ್ಲ ಅಂಚು ಹರಿದೇ ಬಂತು. ಅದನ್ನು ಕಂಡವನು ಮುರಿಗೆಪ್ಪ. ಪೀಣ್ಯ ಎರಡನೇ ಹಂತದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡರ್, ನಾಲ್ಕು ವರ್ಷದಿಂದ ಎರಡು ಹೊತ್ತೂ ಅವಳ ಕೈಯ ರೊಟ್ಟಿಯೇ ಉಣ್ಣುವವನು, ಮಾತಿಗಿಂತ ಕೈ ಜಾಸ್ತಿ ಆಡಿಸುವ ಮನುಷ್ಯ. ಎದ್ದು ಹೋಗಿ ಆ ಮುರುಕಲು ತಗಡನ್ನು ಕಾಲಲ್ಲಿ ಹೊರಳಿಸಿ ನೋಡಿ ಬಂದ.

"ಡ್ರಮ್ಮು ಕಸದಿಂದ ಸಾಯಂಗಿಲ್ಲ ಅಕ್ಕಾ, ನೀರಿನಿಂದ ಸಾಯ್ತೈತಿ," ಅಂದ.

ನೆಲಕ್ಕೆ ತಾಗಿಸಿ ಇಟ್ಟರೆ ಕೆಳಗಿನ ತೇವ ಹೊರಗಿನಿಂದ ತಿನ್ನುತ್ತದೆ, ಸಾರು ಮಜ್ಜಿಗೆ ಒಳಗಿನಿಂದ ತಿನ್ನುತ್ತವೆ, ಇನ್ನು ತಳ ನಿಲ್ಲುವುದು ಎಲ್ಲಿಂದ ಅಂತ ವಿವರಿಸಿದ. ತನ್ನ ಶೆಡ್ಡಿನ ಮಾಲೀಕರನ್ನು ಕೇಳಿ ಕಟಿಂಗ್ ಆಯಿಲ್ ಬರುವ ದಪ್ಪ ತಗಡಿನ ಬ್ಯಾರಲ್ ಒಂದನ್ನು ತೆಗೆದುಕೊಂಡ. ಶಿಫ್ಟು ಮುಗಿದ ಮೇಲೆ ದಿನಾ ಒಂದೊಂದು ಗಂಟೆ ಅದರ ಮೇಲೆ ಕೂತ. ತಳಕ್ಕೆ ನೀರು ಇಳಿದು ಹೋಗಲಿ ಅಂತ ತೂತು ಕೊರೆದ. ನೆಲದಿಂದ ಒಂದು ಗೇಣು ಎತ್ತರ ನಿಲ್ಲುವಂತೆ ಆಂಗಲ್ ಕಬ್ಬಿಣದ ನಾಲ್ಕು ಕಾಲು ಕೂರಿಸಿದ. ಎತ್ತುವವರ ಕೈಗೆ ಸಿಗುವಂತೆ ಎರಡು ಹಿಡಿಕೆ, ನಾಯಿ ಬಾಯಿ ಹಾಕದ ಹಾಗೆ ಕೀಲು ಇರುವ ಮುಚ್ಚಳ. ತುಕ್ಕು ಹಿಡಿಯದಂತೆ ಮೊದಲು ರೆಡ್ ಆಕ್ಸೈಡ್ ಎರಡು ಸಲ, ಒಳಗೆ ಡಾಂಬರು ಬಣ್ಣ, ಹೊರಗೆ ಹೊಳೆಯುವ ಕರಿ ಪೇಂಟು. ಮೂಲೆಯಲ್ಲಿ ಸಿಮೆಂಟು ಹಾಕಿ ಒಂದು ಸರಳು ನೆಟ್ಟು, ಅದಕ್ಕೆ ಸರಪಳಿ ಬಿಗಿದ. ಆಯುಧ ಪೂಜೆಯ ಹಿಂದಿನ ದಿನ ಡ್ರಮ್ಮು ಬಂದು ನಿಂತಾಗ ಗಲ್ಲಿಯ ಜನ ಮದುವೆಗೆ ಬಂದವರ ಹಾಗೆ ಸುತ್ತ ನಿಂತು ನೋಡಿದರು.

ಹೋಗುವಾಗ ಮುರಿಗೆಪ್ಪ ಕಟ್ಟುನಿಟ್ಟು ಹೇಳಿದ. ಬಿಸಿ ಬೂದಿ ಹಾಕಬಾರದು. ಸಾರು ಬಸಿದು ಗಟ್ಟಿ ಮಾತ್ರ ಹಾಕಬೇಕು. ವಾರಕ್ಕೊಮ್ಮೆ ತೊಳೆದು ಬೋರಲು ಹಾಕಿ ಬಿಸಿಲು ಕಾಣಿಸಬೇಕು. ಪೇಂಟು ಕೆರೆದು ಹೋದಲ್ಲಿ ಅವತ್ತೇ ಬಣ್ಣ ಮುಟ್ಟಿಸಬೇಕು. ಇಷ್ಟು ಮಾಡಿದರೆ ಹತ್ತು ವರ್ಷ ಎಲ್ಲೂ ಹೋಗುವುದಿಲ್ಲ ಅಂದ. ಎಲೆ ಅಡಿಕೆ ಉಗಿಯಬಾರದು ಅನ್ನುವುದನ್ನು ಮಹಾನಂದಾ ತಾನೇ ಸೇರಿಸಿಕೊಂಡಳು. ಸುಣ್ಣ ತಗುಲಿದರೆ ಬಣ್ಣ ಏಳುತ್ತದೆ ಅಂತ ಅವಳ ಲೆಕ್ಕ. ಮನೆ ಮನೆಗೆ ಹೋಗಿ ಬಾಗಿಲು ಬಡಿದು ಹೇಳಿ ಬಂದಳು. ಎಲ್ಲರೂ ತಲೆ ಆಡಿಸಿದರು. ಅವರು ತಲೆ ಆಡಿಸುವುದರಲ್ಲಿ ಯಾವತ್ತೂ ಹಿಂದೆ ಬಿದ್ದವರಲ್ಲ.

ಇಲ್ಲಿಗೆ ನಿಂತಿದ್ದರೆ ಕಥೆ ಸುಖವಾಗಿ ಮುಗಿಯುತ್ತಿತ್ತು. ಕೆಟ್ಟದ್ದು ಮಾರನೇ ದಿನ, ಅದೂ ಅವಳ ಕೈಯಿಂದಲೇ.

ಆಯುಧ ಪೂಜೆ ಅಂದರೆ ಪೀಣ್ಯದಲ್ಲಿ ಕೇಳಬೇಕೆ. ಲೇತ್ ಮಿಷನ್ನಿನಿಂದ ಹಿಡಿದು ಸ್ಪ್ಯಾನರ್‌ವರೆಗೆ ಎಲ್ಲದಕ್ಕೂ ಹೂವು ಕುಂಕುಮ. ಮಹಾನಂದಾ ಬೆಳಿಗ್ಗೆಯೇ ಹಂಚು, ಸ್ಟವ್, ಗ್ರೈಂಡರ್, ಸಿಲಿಂಡರ್ ಎಲ್ಲ ತೊಳೆದು ಸಾಲಾಗಿ ಇಟ್ಟಳು. ಆಮೇಲೆ ಬಾಗಿಲಾಚೆ ನಿಂತ ಆ ಕರಿ ಡ್ರಮ್ಮಿನ ಕಡೆ ಕಣ್ಣು ಹೋಯಿತು. ತನ್ನ ರೂಮು ಉಳಿಸುವುದು ಅದೇ ತಾನೆ. ಹಂಚು ಅನ್ನ ಕೊಡುತ್ತದೆ, ಹಂಚು ಇಡುವ ಜಾಗ ಉಳಿಸಿಕೊಡುವುದು ಈ ಡ್ರಮ್ಮು. ಅದನ್ನು ಬಿಟ್ಟು ಉಳಿದದ್ದಕ್ಕೆ ಪೂಜೆ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆದಳು. ಚೆಂಡು ಹೂವಿನ ಹಾರ ಹಾಕಿದಳು. ನಾಲ್ಕು ಕಾಲಿಗೂ ಒಂದೊಂದು ನಿಂಬೆಹಣ್ಣು ಇಟ್ಟಳು. ಕುಂಕುಮ ಮಾತ್ರ ತಾನು ಇಡಲಿಲ್ಲ. ಗಂಡ ಹೋದವಳ ಕೈ, ಹೊಸ ಡ್ರಮ್ಮಿಗೆ ಏನಾದರೂ ಆದರೆ ಅಂತ ಅಂಜಿಕೆ. ಎದುರು ಮನೆಯ ಮುನಿಯಕ್ಕನನ್ನು ಕರೆದಳು.

ಮುನಿಯಕ್ಕ ಐವತ್ತು ದಾಟಿದ ಮುತ್ತೈದೆ, ಕೈ ಧಾರಾಳ. ಪೇಂಟಿನ ಮೇಲೆ ಒಣ ಕುಂಕುಮ ನಿಲ್ಲುವುದಿಲ್ಲ ಅಂತ ಹರಳೆಣ್ಣೆಯಲ್ಲಿ ಕಲಸಿಕೊಂಡು ಬಂದು ಅಂಗೈ ಅಗಲದ ಬೊಟ್ಟು ಇಟ್ಟಳು. ಕರ್ಪೂರ ಹಚ್ಚಿ, ಬೂದುಗುಂಬಳ ಒಡೆದರು. ದಾರಿಯಲ್ಲಿ ಹೋಗುವವರು ಕೈ ಮುಗಿದರು. ಮಹಾನಂದಾಳ ಕಣ್ಣು ತುಂಬಿ ಬಂತು.

ವಿಜಯದಶಮಿಯ ಬೆಳಿಗ್ಗೆ ಇಡೀ ಗಲ್ಲಿಯ ಹಬ್ಬದ ಕಸ ಹೊರಗೆ ಬಂತು. ಬಾಳೆ ಕಂದು, ಬಾಡಿದ ಹೂವು, ಊಟದ ಎಲೆ, ಒಡೆದ ಕುಂಬಳಕಾಯಿ. ಮೊದಲು ಬಂದವಳು ಮುನಿಯಕ್ಕ. ಬಕೆಟ್ಟು ಹಿಡಿದು ಡ್ರಮ್ಮಿನ ಮುಂದೆ ನಿಂತಳು. ಬೊಟ್ಟು ನೋಡಿದಳು. ಚಪ್ಪಲಿ ಬಿಟ್ಟಳು. ಕೈ ಮುಗಿದು ಕಣ್ಣಿಗೆ ಒತ್ತಿಕೊಂಡು, ಮೂರು ಹೆಜ್ಜೆ ಪಕ್ಕಕ್ಕೆ ಸರಿದು, ಕಸವನ್ನು ನೆಲದ ಮೇಲೆ ಸುರಿದು ಮನೆಗೆ ಹೋದಳು. ಅವಳ ಹಿಂದೆ ಬಂದವರೆಲ್ಲ ಹಾಗೇ ಮಾಡಿದರು.

ಮಹಾನಂದಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಓಡಿ ಬಂದು ಮುಚ್ಚಳ ತೆಗೆದು ಹಿಡಿದು, ಇದರಾಗ ಹಾಕ್ರಿ, ಅದಕ್ಕ ಮಾಡಿಸಿದ್ದರಿ ಅಂತ ಒಬ್ಬೊಬ್ಬರಿಗೂ ಕೈ ಮುಗಿದಳು. ಮುನಿಯಕ್ಕನ ಮನೆಗೇ ಹೋಗಿ ಕೇಳಿದಳು.

"ನಾನೇ ಇಟ್ಟ ಕುಂಕುಮ ಕಣವ್ವ," ಅಂದಳು ಮುನಿಯಕ್ಕ. "ಅದರ ಬಾಯಿಗೆ ಎಂಜಲು ಎಂಗೆ ಸುರೀಲಿ?"

ಮಹಾನಂದಾ ಸಿಟ್ಟಿನಿಂದ ವಾಪಸು ಬಂದು, ಹೋಗಲಿ ನಾನಾದರೂ ಹಾಕಿ ತೋರಿಸುತ್ತೇನೆ ಅಂತ ಖಾನಾವಳಿಯ ಬಕೆಟ್ಟು ಎತ್ತಿದಳು. ಡ್ರಮ್ಮಿನ ಬಾಯಿಯವರೆಗೆ ಎತ್ತಿದಳು, ಅಷ್ಟೇ. ಕೈ ಬಗ್ಗಲಿಲ್ಲ. ವಿಭೂತಿ ತನ್ನದೇ ಮೂರು ಬೆರಳಿನದು. ಬಕೆಟ್ಟನ್ನು ಒಳಗೆ ತಂದು, ಕಸವನ್ನು ಚೀಲಕ್ಕೆ ಕಟ್ಟಿ ಬಾಗಿಲ ಹಿಂದೆ ಇಟ್ಟುಕೊಂಡಳು. ತನ್ನ ಮೇಲೆ ತನಗೇ ಮೈ ಉರಿಯಿತು.

ಮೂರನೇ ದಿನ ಆಟೋ ಬಂತು. ಕಸದವನು ಇಳಿದು, ಮುಚ್ಚಳ ಎತ್ತಿ ಒಳಗೆ ಇಣುಕಿ, ಡ್ರಮ್ಮು ಖಾಲಿ ಇದೆ ಅಂತ ಕೂಗಿ ಮತ್ತೆ ಹತ್ತಿದ. ಪಕ್ಕದಲ್ಲಿ ಮೊಣಕಾಲೆತ್ತರ ಕಸ ಬಿದ್ದಿತ್ತು. ಮಹಾನಂದಾ ಆಟೋಗೆ ಅಡ್ಡ ನಿಂತು ತೋರಿಸಿದಳು. ನೆಲದ ಮೇಲಿರೋದು ತಮ್ಮದಲ್ಲ ಅನ್ನುವ ಅದೇ ಹಳೇ ರಾಗ ಹಾಡಿ ಅವನು ಹೊರಟ. ಡ್ರಮ್ಮೇ ಇಲ್ಲದಾಗ ಬೀಳುತ್ತಿದ್ದದ್ದಕ್ಕಿಂತ ಹೆಚ್ಚು ಕಸ ಈಗ ಅಲ್ಲಿ ಬೀಳುತ್ತಿತ್ತು, ಯಾಕೆಂದರೆ ಒಳ್ಳೆ ಡ್ರಮ್ಮು ಬಂದಿದೆ ಅಂತ ಪಕ್ಕದ ಗಲ್ಲಿಯವರೂ ತರಲು ಶುರು ಮಾಡಿದ್ದರು. ತಂದು, ನೋಡಿ, ಕೈ ಮುಗಿದು, ಪಕ್ಕಕ್ಕೆ ಸುರಿದು ಹೋಗುತ್ತಿದ್ದರು.

ಶುಕ್ರವಾರ ಹಳೇ ಹಾರದ ಜಾಗದಲ್ಲಿ ಹೊಸ ಹಾರ ಬಂತು. ಯಾರು ಹಾಕಿದರು ಅಂತ ಯಾರೂ ಒಪ್ಪಿಕೊಳ್ಳಲಿಲ್ಲ. ಮಂಗಳವಾರ ಹಿಡಿಕೆಗೆ ಊದುಬತ್ತಿ ಸಿಕ್ಕಿಸಿದ್ದರು. ಒಂದು ಕಡೆ ಊದುಬತ್ತಿ ವಾಸನೆ, ಇನ್ನೊಂದು ಕಡೆ ಕೊಳೆತ ಕುಂಬಳಕಾಯಿ. ಖಾನಾವಳಿಯ ಹುಡುಗರು ಮೂಗಿಗೆ ಕರ್ಚೀಫು ಒತ್ತಿಕೊಂಡು ಬರುತ್ತಿದ್ದವರು, ಆಮೇಲೆ ಪಾರ್ಸಲ್ ಕೇಳಿದರು, ಆಮೇಲೆ ಬರುವುದೇ ಕಡಿಮೆ ಮಾಡಿದರು. ಬಡಿದ ರೊಟ್ಟಿ ಬುಟ್ಟಿಯಲ್ಲೇ ಒಣಗಿತು.

ಮಹಾನಂದಾ ಮುರಿಗೆಪ್ಪನನ್ನು ಹಿಡಿದುಕೊಂಡಳು. ಮಾಡಿದವನು ನೀನೇ, ಬೊಟ್ಟು ಒರೆಸಿಬಿಡು ಅಂದಳು. ಕಬ್ಬಿಣ ಕಾಯಿಸಿ ಬಗ್ಗಿಸುವ ಗಂಡಸು, ಆ ಮಾತಿಗೆ ಎರಡು ಹೆಜ್ಜೆ ಹಿಂದೆ ಹೋದ. ಪೂಜೆ ಆದದ್ದಕ್ಕೆ ಕೈ ಹಚ್ಚುವುದಿಲ್ಲ, ದಿನಾ ಬೆಂಕಿ ಕರೆಂಟು ಜೊತೆ ಕೆಲಸ ಮಾಡುವವನು ನಾನು ಅಂದ. ಮಳೆ ಬಂದರೆ ತಾನೇ ತೊಳೆದು ಹೋಗುತ್ತದೆ ಅಂತ ಸಮಾಧಾನ ಹೇಳಿದ. ಮಳೆ ಬಂತು, ಎರಡು ದಿನ ಜೋರಾಗೇ ಬಂತು. ವಿಭೂತಿ ಹೋಯಿತು. ಮುನಿಯಕ್ಕನ ಹರಳೆಣ್ಣೆ ಕುಂಕುಮ ಇನ್ನಷ್ಟು ಫಳಫಳ ಹೊಳೆಯುತ್ತ ಅಲ್ಲೇ ಇತ್ತು. ಕಸದ ರಾಶಿ ಮಾತ್ರ ನೆನೆದು ಗಲ್ಲಿ ಉದ್ದಕ್ಕೂ ಹರಡಿತು.

ಡ್ರಮ್ಮಿಗೆ ಏನಾದರೂ ಆಗಿತ್ತೇ ಅಂದರೆ, ಕೂದಲು ಕೊಂಕಿರಲಿಲ್ಲ. ಒಂದು ಗೀರಿಲ್ಲ, ಒಂದು ಚುಕ್ಕೆ ತುಕ್ಕಿಲ್ಲ. ಮುರಿಗೆಪ್ಪ ಹೇಳಿದ ಹತ್ತು ವರ್ಷ ಏಕೆ, ಹೀಗೇ ಇದ್ದರೆ ನೂರು ವರ್ಷ ಬಾಳುವ ಹಾಗಿತ್ತು. ಮಹಾನಂದಾಳಿಗೆ ಅದನ್ನು ನೋಡಿದಾಗಲೆಲ್ಲ ಕಲ್ಲು ಎತ್ತಿ ಹಾಕಬೇಕು ಅನ್ನಿಸುತ್ತಿತ್ತು.

ಓನರ್ ಹೇಳಿದ ಭಾನುವಾರ ಬಂದೇ ಬಂತು. ಬೆಳಿಗ್ಗೆ ಏಳೂವರೆಗೆ ನಲ್ಲಿಯಲ್ಲಿ ನೀರು ಬಿಟ್ಟಿದ್ದರು, ಗಲ್ಲಿಯ ಹೆಂಗಸರೆಲ್ಲ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಮಹಾನಂದಾ ಒಂದು ಬಕೆಟ್ ಬಿಸಿನೀರಿಗೆ ಪಾತ್ರೆ ತೊಳೆಯುವ ಪುಡಿ ಹಾಕಿ, ಹಳೇ ಬಟ್ಟೆ ಅದ್ದಿ, ಡ್ರಮ್ಮಿನ ಮುಂದೆ ಬಂದು ನಿಂತಳು. ಏನು ಮಾಡಲು ಹೊರಟಿದ್ದಾಳೆ ಅಂತ ಎಲ್ಲರಿಗೂ ತಕ್ಷಣ ತಿಳಿಯಿತು. ಮುನಿಯಕ್ಕ ಕೊಡ ಕೆಳಗಿಟ್ಟು ಬಂದು ತಡೆದಳು. ಬೇಡ ಕಣವ್ವ, ಇಟ್ಟ ಕುಂಕುಮ ಅಳಿಸಿದರೆ ಗಲ್ಲಿಗೇ ಕೇಡು, ನಿನಗೂ ಒಳ್ಳೇದಾಗಲ್ಲ ಅಂದಳು. ಹಿಂದೆ ನಿಂತವರೂ ಹೌದು ಹೌದು ಅಂದರು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು.

ಮಹಾನಂದಾ ಬಟ್ಟೆ ಕೆಳಗಿಡಲಿಲ್ಲ. ಬಟ್ಟೆಯಿಂದ ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ, ಮೆಲ್ಲಗೆ ಹೇಳಿದಳು. ಆದರೂ ನಲ್ಲಿಯವರೆಗೆ ಕೇಳಿಸಿತು.

"ನನ್ನ ಹಣಿ ಮ್ಯಾಲಿನ ಕುಂಕುಮ ಒರಸುವಾಗ ಯಾರೂ ಇಷ್ಟು ಅಂಜಲಿಲ್ರಿ ಅಕ್ಕಾ. ಐದು ಮಂದಿ ಹಿಡ್ಕೊಂಡು ಒರಸಿದ್ರು. ಇದು ತಗಡು."

ನಲ್ಲಿಯ ಕೆಳಗಿದ್ದ ಕೊಡ ತುಂಬಿ ಹರಿಯುತ್ತಿತ್ತು, ಅದನ್ನು ಸರಿಸುವುದೂ ಯಾರಿಗೂ ನೆನಪಾಗಲಿಲ್ಲ. ಮಹಾನಂದಾ ಬಟ್ಟೆಯನ್ನು ಬೊಟ್ಟಿನ ಮೇಲೆ ಒತ್ತಿ ಉಜ್ಜಿದಳು. ಎಣ್ಣೆ ಕುಂಕುಮ ಸುಲಭಕ್ಕೆ ಬಿಡಲಿಲ್ಲ. ಮೊದಲು ಹರಡಿತು, ಡ್ರಮ್ಮಿನ ಅರ್ಧ ಹೊಟ್ಟೆ ಕೆಂಪಾಯಿತು, ಬೆರಳು ಕೆಂಪಾದವು. ಮತ್ತೆ ಅದ್ದಿ ಮತ್ತೆ ಉಜ್ಜಿದಳು. ಅಳು ಬರುತ್ತಿತ್ತು, ಬರಲಿ ಅಂತ ಬಿಟ್ಟಳು. ಹಾರ ಕಿತ್ತಳು, ಊದುಬತ್ತಿ ಕಡ್ಡಿಗಳನ್ನು ಕಿತ್ತಳು. ಕರಿ ಪೇಂಟು ಮೊದಲಿನಂತೆ ಬರಿದಾಗಿ ನಿಂತ ಮೇಲೆ ಒಳಗೆ ಹೋಗಿ, ಬಾಗಿಲ ಹಿಂದೆ ಕಟ್ಟಿಟ್ಟಿದ್ದ ತನ್ನ ಕಸದ ಚೀಲಗಳನ್ನು ಒಂದೊಂದಾಗಿ ತಂದು, ಮುಚ್ಚಳ ಎತ್ತಿ ಒಳಗೆ ಹಾಕಿದಳು. ಖಾಲಿ ಡ್ರಮ್ಮು ದಬ್ ಅಂತ ಸದ್ದು ಮಾಡಿತು. ಆಮೇಲೆ ಸಲಿಕೆ ತಂದು ನೆಲದ ರಾಶಿಗೆ ಕೈ ಹಾಕಿದಳು.

ಸ್ವಲ್ಪ ಹೊತ್ತು ಒಬ್ಬಳೇ ಎತ್ತಿದಳು. ಮುನಿಯಕ್ಕ ಅಲ್ಲೇ ನಿಂತಿದ್ದವಳು, ಮನೆಗೆ ಹೋದಳು. ಹೋದವಳು ಬಿದಿರು ಬುಟ್ಟಿ ತಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ರಾಶಿಯ ಮುಂದೆ ಕುಕ್ಕರು ಕೂತು ಬಾಚತೊಡಗಿದಳು. ಮಹಾನಂದಾಳ ಮುಖ ನೋಡಲಿಲ್ಲ. ಅವಳ ಹಿಂದೆ ಇನ್ನಿಬ್ಬರು ಬಂದರು. ಡ್ರಮ್ಮು ಕಂಠದವರೆಗೆ ತುಂಬಿತು, ಉಳಿದದ್ದನ್ನು ಗೋಣಿಚೀಲಗಳಿಗೆ ತುಂಬಿ ಪಕ್ಕಕ್ಕೆ ಒರಗಿಸಿದರು. ಕೊನೆಗೆ ಮುನಿಯಕ್ಕ ಎದ್ದು, ಬೆಳಗಿನ ಹಂಡೆ ಒಲೆಯ ಬೂದಿ ತಂದು ಡ್ರಮ್ಮಿನ ಮೇಲೆ ಎತ್ತಿದಳು. ಬೂದಿಯಿಂದ ಹೊಗೆ ಏಳುತ್ತಿತ್ತು. ಮಹಾನಂದಾ ಅವಳ ಕೈ ಹಿಡಿದು, ಬಿಸಿ ಬೂದಿ ಹಾಕಬ್ಯಾಡ್ರಿ ಅಂತ ಎಷ್ಟು ಸಲ ಹೇಳೂದರಿ ಅಂತ ಗಂಟಲು ಹರಿಯುವಂತೆ ಕೂಗಾಡಿದಳು. ಮುನಿಯಕ್ಕನೂ ಬಿಡಲಿಲ್ಲ, ಆರಿದೆ ಕಣವ್ವ, ಮುಟ್ಟಿ ನೋಡು ಬೇಕಾದ್ರೆ ಅಂತ ವಾದಕ್ಕೆ ನಿಂತಳು. ಇಬ್ಬರೂ ಸಮಾಧಾನವಾಗುವಷ್ಟು ಹೊತ್ತು ಜಗಳ ಆಡಿದರು.

ಹತ್ತು ಗಂಟೆಗೆ ಹನುಮಂತರಾಯಪ್ಪ ಬಂದರು. ಕೆನ್ನೆ ಉಬ್ಬಿತ್ತು. ತೊಳೆದ ನೆಲ ನೋಡಿದರು, ಕಟ್ಟಿಟ್ಟ ಚೀಲಗಳನ್ನು ನೋಡಿದರು. ಡ್ರಮ್ಮಿನ ಸುತ್ತ ಒಂದು ಸುತ್ತು ಬಂದು, ಕಾಲಲ್ಲಿ ಒಂದು ಸಲ ಒದ್ದು ನೋಡಿದರು. ಮಹಾನಂದಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೀಗದ ಕೈ ಅವಳ ಸೊಂಟದಲ್ಲೇ ಇತ್ತು, ಕೇಳಿದರೆ ಕೊಟ್ಟುಬಿಡಬೇಕು ಅಂತ ಸಿದ್ಧಳಾಗೇ ಇದ್ದಳು. ಅವರು ಕೇಳಲಿಲ್ಲ. ಎರಡು ಬೆರಳಲ್ಲಿ ಮುಚ್ಚಳ ಎತ್ತಿ, ಬಗ್ಗಿ, ಬಾಯಲ್ಲಿದ್ದ ಎಲೆ ಅಡಿಕೆಯನ್ನೆಲ್ಲ ಪಿಚಕ್ಕನೆ ಒಳಗೆ ಉಗಿದರು. ಮುಚ್ಚಳ ಹಾಕಿದರು.

"ಗಟ್ಟಿಯಾಗೈತೆ. ಬಾಡಿಗೆ ಒಂದನೇ ತಾರೀಕು ಮರೀಬ್ಯಾಡ," ಅಂದು ಹೋದರು.

ಉಗಿಯಬೇಡಿ ಅಂತ ಅವಳು ಊರಿಗೆಲ್ಲ ಹೇಳಿದ್ದಳು. ಓನರಿಗೆ ಹೇಳಲಿಲ್ಲ. ಅಂಚಿನಿಂದ ಒಂದು ಕೆಂಪು ಎಳೆ ಹೊರಗೆ ಇಳಿಯುತ್ತಿತ್ತು, ಬೊಟ್ಟು ಇದ್ದ ಜಾಗಕ್ಕೇ. ಮಹಾನಂದಾ ಬೆಳಗಿನ ಅದೇ ಬಟ್ಟೆ ತಂದು ಅದನ್ನು ಒರೆಸಿದಳು. ಈ ಸಲ ಒಂದೇ ಉಜ್ಜಿಗೆ ಹೋಯಿತು. ಹಾಳಾದವನು ಸುಣ್ಣ ಜಾಸ್ತಿ ತಿನ್ನುತ್ತಾನೆ ಅಂತ ಗೊಣಗಿಕೊಂಡು, ಒಳಗೆ ಹೋಗಿ ಹಂಚು ಇಟ್ಟಳು.